ಉಳಿದಿರುವಷ್ಟು

ಮಂಗಳೂರಿನ ಹಳೆಯ ಮನೆ ಖಾಲಿ ಮಾಡುವಾಗ ಅಜ್ಜನ ನೋಟ್‌ಬುಕ್ಕುಗಳನ್ನು ಗುಜರಿಗೆ ಹಾಕಿದವಳು ನಾನೇ. ಅಜ್ಜ ಚರ್ಚಿನಲ್ಲಿ ಸಭಾಪಾಲಕರಾಗಿದ್ದರು. ಭಾನುವಾರದ ಪ್ರಸಂಗವನ್ನು ಶನಿವಾರ ರಾತ್ರಿಯೇ ಬರೆದಿಟ್ಟುಕೊಳ್ಳುತ್ತಿದ್ದರು. ಅಂಥ ನಲವತ್ತಕ್ಕೂ ಹೆಚ್ಚು ಪುಸ್ತಕಗಳಿದ್ದವು. ಕೆಲವಕ್ಕೆ ಗೆದ್ದಲು ಹಿಡಿದಿತ್ತು, ಅಕ್ಷರ ಬಿಡಿಸಿ ಓದಲಾಗುತ್ತಿರಲಿಲ್ಲ, ಹೊಸ ಫ್ಲ್ಯಾಟಿನಲ್ಲಿ ಜಾಗವೂ ಇರಲಿಲ್ಲ. ತಕ್ಕಡಿಯಲ್ಲಿ 18 ಕಿಲೋ ಬಂತು. 180 ರೂಪಾಯಿ. ಅಮ್ಮ ನೋಡುತ್ತಿದ್ದಳು, ಏನೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಎಂ.ಎ. ಪ್ರಬಂಧಕ್ಕೆಂದು ಯುರೋಪಿನ ಧರ್ಮಸುಧಾರಣೆಯ ಬಗ್ಗೆ ಓದುತ್ತಿದ್ದೆ. ಕ್ಯಾಲ್ವಿನ್‌ನ ಕೃತಿಗಳ ದೊಡ್ಡ ಆವೃತ್ತಿ 1863ರಿಂದ 1900ರವರೆಗೆ 59 ಸಂಪುಟಗಳಲ್ಲಿ ಬಂದಿದೆ. ಅದರ ಲ್ಯಾಟಿನ್ ಹೆಸರಿನ ಅರ್ಥ 'ಉಳಿದಿರುವ ಎಲ್ಲ ಕೃತಿಗಳು' ಎಂದು. ಆ 'ಉಳಿದಿರುವ' ಎಂಬ ಮಾತು ಯಾಕೆ ಬೇಕಾಯಿತು ಎಂದು ಹುಡುಕಿಕೊಂಡು ಹೋದೆ.

ಕ್ಯಾಲ್ವಿನ್ ಜಿನೀವಾದಲ್ಲಿ ಕೈಯಲ್ಲಿ ಚೀಟಿಯೂ ಇಲ್ಲದೆ ಪ್ರಸಂಗ ಮಾಡುತ್ತಿದ್ದ. ಊರು ಬಿಟ್ಟು ಅಲ್ಲಿಗೆ ಬಂದಿದ್ದ ಫ್ರೆಂಚ್ ನಿರಾಶ್ರಿತರು ಆ ಮಾತು ಗಾಳಿಗೆ ಹೋಗಬಾರದೆಂದು 1549ರಲ್ಲಿ ದೆನಿ ರಾಗೆನಿಯೇ ಎಂಬವನನ್ನು ಸಂಬಳ ಕೊಟ್ಟು ನೇಮಿಸಿದರು. ಅವನು ಶೀಘ್ರಲಿಪಿಯಲ್ಲಿ ಬರೆದುಕೊಂಡು, ಆಮೇಲೆ ಶುದ್ಧಪ್ರತಿ ಮಾಡಿಸುತ್ತಿದ್ದ. ಸಾಯುವವರೆಗೂ ಅದೇ ಕೆಲಸ. ಆ ಸಂಪುಟಗಳು ಇನ್ನೂರೈವತ್ತು ವರ್ಷ ಬಾಳಿದವು. 1805ರಲ್ಲಿ ಜಿನೀವಾದ ಗ್ರಂಥಾಲಯವೇ ಅವನ್ನು ಕಾಗದದ ತೂಕಕ್ಕೆ ಮಾರಿತು! ಮುಂದೆ ಕೆಲವು ಸಂಪುಟಗಳು ಹಳೆ ಸಾಮಾನಿನ ವ್ಯಾಪಾರಿಗಳಿಂದ ಮರಳಿ ಸಿಕ್ಕವು. ನೂರಾರು ಪ್ರಸಂಗಗಳು ಸಿಗಲೇ ಇಲ್ಲ.

ಅಂದು ಮುಂದಕ್ಕೆ ಓದಲಾಗಲಿಲ್ಲ. ದೊಡ್ಡ ಗ್ರಂಥಾಲಯವೇ ಹಾಗೆ ಮಾಡಿದೆ ಎಂದುಕೊಂಡರೂ ಸಮಾಧಾನವಾಗಲಿಲ್ಲ.

ದಾರಿ ತೋರಿಸಿದ್ದು ಲೂಥರ್‌ನ ವೈಮಾರ್ ಆವೃತ್ತಿ. ಅದು 1883ರಲ್ಲಿ ಶುರುವಾಗಿ 2009ರಲ್ಲಿ ಮುಗಿಯಿತು. ನೂರಿಪ್ಪತ್ತಕ್ಕೂ ಹೆಚ್ಚು ಸಂಪುಟ. ಅದರಲ್ಲಿ ಆರು ಸಂಪುಟ ಲೂಥರ್ ಬರೆದದ್ದೇ ಅಲ್ಲ, ಊಟದ ಮೇಜಿನಲ್ಲಿ ಆಡಿದ ಮಾತುಗಳನ್ನು ಜತೆಗಿದ್ದವರು ಬರೆದುಕೊಂಡದ್ದು. 1566ರಲ್ಲಿ ಔರಿಫಾಬರ್ ಅವನ್ನೆಲ್ಲ ವಿಷಯವಾರು ಜೋಡಿಸಿ, ತಿದ್ದಿ ತೀಡಿ ಒಂದೇ ಪುಸ್ತಕ ಮಾಡಿದ್ದ. ಓದಲು ಸೊಗಸು. ಆದರೆ ಯಾವ ಮಾತು ಯಾರ ಕಿವಿಗೆ ಬಿದ್ದದ್ದು ಎಂಬುದು ಅಲ್ಲಿ ಕಲಸಿಹೋಗಿತ್ತು. ವೈಮಾರ್ ಆವೃತ್ತಿಗೆ ಈ ಭಾಗವನ್ನು ಸಂಪಾದಿಸಿದ ಅರ್ನ್ಸ್ಟ್ ಕ್ರೋಕರ್ ಅದನ್ನು ಮತ್ತೆ ಬಿಡಿಸಿದ. ಡೀಟ್ರಿಶ್ ಬರೆದದ್ದು ಇದು, ಕೊರ್ಡಾಟಸ್ ಬರೆದದ್ದು ಇದು ಎಂದು ಬೇರೆ ಬೇರೆ ಇಟ್ಟ. ಒಂದೇ ಮಾತು ಎರಡು ರೀತಿ ಇದ್ದರೆ ಎರಡನ್ನೂ ಉಳಿಸಿದ.

ಅಜ್ಜನ ಕೈಬರಹ ಹೋಯಿತು. ಕೇಳಿದವರು ಇನ್ನೂ ಇದ್ದಾರಲ್ಲ!

ಈಗ ಭಾನುವಾರ ಊಟವಾದ ಮೇಲೆ ಅಮ್ಮನನ್ನೂ ಮಾವನನ್ನೂ ಕೂರಿಸಿ ಕೇಳುತ್ತೇನೆ. ತಪ್ಪಿಹೋದ ಮಗನ ಸಾಮತಿಯ ಮೇಲೆ ಅಜ್ಜ ಮಾಡಿದ ಪ್ರಸಂಗ ಇಬ್ಬರಿಗೂ ನೆನಪಿದೆ. ಅಜ್ಜ ಮಾತಾಡಿದ್ದೆಲ್ಲ ಓಡಿಬಂದು ಮಗನನ್ನು ತಬ್ಬಿದ ತಂದೆಯ ಬಗ್ಗೆ ಎಂದು ಮಾವ. ಅಲ್ಲ, ಸಿಟ್ಟಾಗಿ ಹೊರಗೇ ನಿಂತ ದೊಡ್ಡಮಗನ ಬಗ್ಗೆ ಎಂದು ಅಮ್ಮ. ಮೊದಲಾಗಿದ್ದರೆ ಎರಡನ್ನೂ ಸೇರಿಸಿ ಒಂದು ಚಂದದ ಪ್ಯಾರಾ ಮಾಡುತ್ತಿದ್ದೆನೇನೋ. ಈಗ ಎರಡು ಪುಟಗಳಲ್ಲಿ ಬರೆಯುತ್ತೇನೆ, ಮೇಲೆ ಹೇಳಿದವರ ಹೆಸರು ಹಾಕಿ.

ಮೊನ್ನೆ ಅಮ್ಮ ನೋಟ್‌ಬುಕ್ಕನ್ನು ತಿರುವಿ ನೋಡಿ ಕೇಳಿದಳು: "ಇದನ್ನಾದರೂ ಇಟ್ಟುಕೊಳ್ಳುತ್ತೀಯಲ್ಲ?"