ಹರಾಜಿನ ಬೆಲೆ

ಚನ್ನರಾಯಪಟ್ಟಣದ ಮೈದಾನದಲ್ಲಿ ಬೌಲಿಂಗ್ ಅಭ್ಯಾಸ ಮಾಡುತ್ತಿದ್ದ ಬಾಲಕನೊಬ್ಬ ಒಮ್ಮೆ ಕೇಳಿದ: "ಫಾದರ್, ಐಪಿಎಲ್ ಹರಾಜಿನಲ್ಲಿ ನನಗೆಷ್ಟು ಬೆಲೆ ಬಂದೀತು?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಮ್ಮ ಜಿಲ್ಲೆಯ ಜಾವಗಲ್ಲಿನ ಹೆಸರು ಹೊತ್ತ ಶ್ರೀನಾಥ್ 2003ರಲ್ಲಿ ನಿವೃತ್ತರಾದಾಗ ಇಂಥ ಹರಾಜೇ ಇರಲಿಲ್ಲ. 2021ರಲ್ಲಿ ಕರ್ನಾಟಕದ ಕೆ. ಗೌತಮ್ ಅವರನ್ನು ಚೆನ್ನೈ ತಂಡ 9.25 ಕೋಟಿ ರೂಪಾಯಿಗೆ ಕೊಂಡಿತು. ಆದರೆ ಆ ವರ್ಷ ಒಂದು ಪಂದ್ಯದಲ್ಲೂ ಆಡಿಸಲಿಲ್ಲ. ಮರುವರ್ಷ ಲಖನೌ ತಂಡ ಕೊಟ್ಟದ್ದು 90 ಲಕ್ಷ. ಆಟಗಾರ ಅವರೇ, ತೋಳೂ ಅದೇ.

ದುಡಿದವನಿಗೆ ಕೂಲಿ ಸಲ್ಲಲೇಬೇಕು, ಅದು ನ್ಯಾಯ. ಆದರೆ ಬೂಕನಬೆಟ್ಟದ ಜಾತ್ರೆಯಲ್ಲಿ ರಾಸುಗಳಿಗೆ ಬೆಲೆ ಕಟ್ಟುವಂತೆ ನಮ್ಮ ಮಕ್ಕಳು ತಮಗೆ ತಾವೇ ಬೆಲೆ ಕಟ್ಟಿಕೊಳ್ಳತೊಡಗಿದರೆ?

ಮರುದಿನ ಆ ಬಾಲಕನಿಗೆ ಹೇಳಿದೆ: "ಮಗು, ಅಲ್ಲಿ ಕೂಗುವುದು ನಿನ್ನ ಆಟದ ಬೆಲೆಯನ್ನು, ನಿನ್ನದನ್ನಲ್ಲ." ನಿಮ್ಮ ಮನೆಯ ಮಗು ಕೇಳಿದರೆ ನೀವೇನು ಹೇಳುವಿರಿ?