ಖಾಲಿ ಬಂದೂಕು

ಕನಕಪುರದ ಹಾದಿ ಹಿಡಿದು ಬೆಂಗಳೂರಿನಿಂದ ದಕ್ಷಿಣಕ್ಕೆ ಸಾಗುವವರಿಗೆ ತಲಘಟ್ಟಪುರ ಅಪರಿಚಿತವಲ್ಲ. ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಹೆಸರಾದ ಈ ಊರಿಗೆ 2021ರ ಜನವರಿಯಲ್ಲಿ ಮೆಟ್ರೊ ರೈಲೂ ಬಂದಿತು. ಕಳೆದ ಭಾನುವಾರ ನಾನಲ್ಲಿ ಇಳಿದದ್ದು ಅಕ್ಕನ ಮಗನ ಗುರಿಯಭ್ಯಾಸವನ್ನು ನೋಡುವುದಕ್ಕೆ.

ಉದ್ದನೆಯದೊಂದು ಕೊಠಡಿ. ನಿಲ್ಲುವ ಗೆರೆಯಿಂದ ಗುರಿಗೆ 10 ಮೀಟರು. ಗಾಳಿಯ ಒತ್ತಡದಿಂದ ಹಾರುವ ಸೀಸದ ಗುಂಡಿನ ಅಳತೆ 4.5 ಮಿಲಿಮೀಟರು, ರೈಫಲ್ ಗುರಿಯ ನಡುವಣ ಹತ್ತಂಕದ ಚುಕ್ಕೆಯೋ ಅರ್ಧ ಮಿಲಿಮೀಟರು, ಸಾಸಿವೆಗಿಂತಲೂ ಕಿರಿದು!

ಹುಡುಗ ಸಂಭ್ರಮದಿಂದ, "ಮಾಮ, ಇದು ಖಾಲಿ, ಹಿಡಿದು ನೋಡಿ" ಎನ್ನುತ್ತ ರೈಫಲ್ಲಿನೊಡನೆ ನನ್ನತ್ತ ಹೊರಳಿದ. ನಳಿಗೆ ನನ್ನೆದೆಗೆ ನೇರವಾಗುವ ಮೊದಲೇ ಶಿಕ್ಷಕರ ಕೈ ಅದನ್ನು ಗುರಿಯ ಕಡೆಗೆ ತಿರುಗಿಸಿತು. ಅವರು ಗದರಲಿಲ್ಲ. "ಖಾಲಿಯೆಂದು ಯಾರು ನೋಡಿದರು?" ಎಂದು ಕೇಳಿ, ಗುಂಡು ತುಂಬುವ ಬಾಯನ್ನು ತೆರೆಸಿದರು. ಒಳಗೆ ಗುಂಡೊಂದು ತಣ್ಣಗೆ ಕುಳಿತಿತ್ತು.

ಅಲ್ಲಿಯ ಧರ್ಮಶಾಸ್ತ್ರ ಚಿಕ್ಕದು. ಪ್ರತಿಯೊಂದು ಬಂದೂಕೂ ತುಂಬಿದೆಯೆಂದೇ ಭಾವಿಸತಕ್ಕದ್ದು. ನಳಿಗೆ ಸದಾ ಗುರಿಯ ಕಡೆಗಿರತಕ್ಕದ್ದು. ಹಾರಿಸುವ ಕ್ಷಣದವರೆಗೆ ಬೆರಳು ಟ್ರಿಗರಿನಿಂದ ಹೊರಗಿರತಕ್ಕದ್ದು. 'ನಿಲ್ಲಿಸಿ' ಎಂದೊಡನೆ ಎಲ್ಲರೂ ನಿಲ್ಲಿಸತಕ್ಕದ್ದು. ಬಿಡುವಿನಲ್ಲಿ ನಳಿಗೆಯ ಉದ್ದಕ್ಕೂ ಬಣ್ಣದ ದಾರವೊಂದನ್ನು ತೂರಿಸಿಡುತ್ತಾರೆ. ಗುಂಡಿದ್ದರೆ ದಾರ ಹಾಯದು. ಬಾಯಿಮಾತಿಗಿಂತ ಕಣ್ಣಿಗೆ ಕಾಣುವ ಸಾಕ್ಷಿ ಅದು.

ಮರಳುವಾಗ ಹುಡುಗ ಮೆಲ್ಲನೆ, "ಅಮ್ಮನಿಗೆ ಹೇಳಬೇಡಿ, ಮಾಮ" ಎಂದ.

"ನಾನು ಹೇಳುವುದಿಲ್ಲ. ನೀನೇ ಹೇಳು" ಎಂದೆ.

ಆ ರಾತ್ರಿಯೇ ಹೇಳಿದನಂತೆ. ಅಕ್ಕ ಅಭ್ಯಾಸವನ್ನು ಬಿಡಿಸಲಿಲ್ಲ. ರೇಷ್ಮೆಯ ಊರಿನಲ್ಲಿ ನಾನು ಕಂಡ ಅತ್ಯಂತ ಬೆಲೆಯುಳ್ಳ ಎಳೆ ಮಾತ್ರ ಆ ಬಣ್ಣದ ದಾರವೇ.