ಗುಟುಕಿನಲ್ಲೊಂದು ಊರು

ಬೆಂಗಳೂರನ್ನು ನಡೆಸಿ ತೋರಿಸುವವರು ಈಗ ಬಹಳ ಮಂದಿ ಇದ್ದಾರೆ. ಲಾಲ್‌ಬಾಗಿನ ಬಂಡೆಯ ಮೇಲೆ ಕೂರಿಸಿ, ಈ ಕಲ್ಲಿಗೆ ಮುನ್ನೂರು ಕೋಟಿ ವರ್ಷ ವಯಸ್ಸು ಎಂದು ಬೆರಗು ಹುಟ್ಟಿಸುವವರಿದ್ದಾರೆ. ಚಿಕ್ಕಪೇಟೆ, ಬಳೇಪೇಟೆಗಳ ಗಲ್ಲಿ ಸುತ್ತಿಸಿ ಹಳೆಯ ಕಸುಬುಗಳ ಕಥೆ ಹೇಳುವವರಿದ್ದಾರೆ. ವಿ.ವಿ. ಪುರದ ತಿಂಡಿ ಬೀದಿಯಲ್ಲಿ ದೋಸೆಯಿಂದ ಹೋಳಿಗೆಯವರೆಗೆ ತಿನ್ನಿಸುತ್ತ ನಡೆಸುವವರೂ ಇದ್ದಾರೆ. ಆ ಸಾಲಿಗೆ ಬಂದು ಸೇರಿದ ಇನ್ನೊಂದು ನಡಿಗೆ, ಊರಿನಲ್ಲೇ ತಯಾರಾಗುವ ಬಿಯರು, ವಿಸ್ಕಿಗಳ ರುಚಿ ತೋರಿಸುವ ನಡಿಗೆ. ನನಗೆ ಇದು ತುಂಬ ಹಿಡಿಸಿತು. ಯಾಕೆ ಎಂದು ನಿಧಾನವಾಗಿ ಹೇಳುತ್ತೇನೆ.

ಕುಡಿಯದವರು ಇದನ್ನು ಓದುವುದು ಬಿಟ್ಟು ಎದ್ದು ಹೋಗಬೇಕಾಗಿಲ್ಲ. ಹೆಂಡದ ಗುಂಗನ್ನು ಕನ್ನಡದಲ್ಲಿ ಜಿ.ಪಿ. ರಾಜರತ್ನಂ ಅವರಷ್ಟು ಚೆನ್ನಾಗಿ ಬರೆದವರು ಇನ್ನೊಬ್ಬರಿಲ್ಲ, ಅವರು ಕುಡಿಯುವವರಲ್ಲ. ನಮ್ಮ ಗುಂಪಿನಲ್ಲೂ ಗ್ಲಾಸು ಮುಟ್ಟದೆ ಮೂಸಿ ನೋಡಿ, ಪ್ರಶ್ನೆ ಕೇಳಿ, ಎಲ್ಲರಿಗಿಂತ ಹೆಚ್ಚು ತಿಳಿದುಕೊಂಡು ಹೋದವರಿದ್ದರು. ಇಲ್ಲಿ ಕೆಲಸ ಮೂಗಿಗೆ, ನಾಲಿಗೆಗೆ, ಕಿವಿಗೆ. ಗಂಟಲಿಗೆ ಕೊನೆಯ ಸ್ಥಾನ.

ದಾರಿ ತೋರಿಸುವ ಹುಡುಗ ಮೊದಲೇ ಫೋನಿನಲ್ಲಿ ಹೇಳಿದ್ದ: “ಸಾರ್, ಊಟ ಮಾಡಿಕೊಂಡು ಬನ್ನಿ, ಖಾಲಿ ಹೊಟ್ಟೆ ಬೇಡ. ಗಾಡಿ ಮನೇಲೇ ಬಿಡಿ, ಮೆಟ್ರೋದಲ್ಲಿ ಓಡಾಡೋಣ.” ನೇರಳೆ ಮಾರ್ಗ ಈ ಕೆಲಸಕ್ಕೆಂದೇ ಹಾಕಿದಂತಿದೆ. ಎಂ.ಜಿ. ರಸ್ತೆ, ಇಂದಿರಾನಗರ, ಕೊನೆಗೆ ವೈಟ್‌ಫೀಲ್ಡ್, ಊರಿನ ಎಷ್ಟೋ ಬ್ರೂವರಿಗಳು ಅದೇ ದಾರಿಯ ಆಚೀಚೆಗಿವೆ. ಒಂದೊಂದು ಕಡೆಯಲ್ಲೂ ಉದ್ದನೆಯ ಮರದ ಹಲಗೆಯ ಮೇಲೆ ನಾಲ್ಕೈದು ಪುಟ್ಟ ಗ್ಲಾಸು ಜೋಡಿಸಿ ತಂದಿಡುತ್ತಾರೆ. ಹುಲ್ಲಿನ ಹಳದಿಯಿಂದ ಕಾಫಿ ಡಿಕಾಕ್ಷನ್ನಿನ ಕಪ್ಪಿನವರೆಗೆ ಬಣ್ಣಗಳು. ಮೊದಲು ಬೆಳಕಿಗೆ ಹಿಡಿದು ನೋಡಬೇಕು, ಆಮೇಲೆ ಮೂಸಬೇಕು, ಆಮೇಲೆ ಒಂದು ಗುಟುಕು, ಆಮೇಲೆ ನೀರು. ಒಂದು ಗ್ಲಾಸಿಗೆ ಕಾಲು ಗಂಟೆ ಮಾತು.

ಈ ನಿಧಾನ ನಮಗೆ ಹೊಸದು. ನಮ್ಮ ಬಾರುಗಳ ಕಿಟಕಿಗೆ ಕಪ್ಪು ಗಾಜು, ಬಾಗಿಲಿಗೆ ಪರದೆ. ವೈನ್ ಶಾಪಿನ ಕೌಂಟರಿನಲ್ಲಿ ನಿಂತು ನೈಂಟಿ ತೆಗೆದುಕೊಂಡು, ಮುಖ ಕಿವಿಚಿ, ಒಂದೇ ಸಲಕ್ಕೆ ಇಳಿಸಿ, ಉಪ್ಪಿನಕಾಯಿ ನೆಕ್ಕಿ ಹೊರಟುಬಿಡುವವರನ್ನು ದಿನವೂ ನೋಡುತ್ತೇವೆ. ಕುಡಿದದ್ದು ಎಲ್ಲಿಯದು, ಯಾವ ಕಾಳಿನದು, ಯಾರು ಮಾಡಿದ್ದು ಎಂದು ಅವರು ಕೇಳುವುದಿಲ್ಲ, ಹೇಳುವವರೂ ಇಲ್ಲ. ಬಚ್ಚಿಟ್ಟು ಕುಡಿಯುವವನು ಬೇಗ ಕುಡಿಯುತ್ತಾನೆ, ಬೇಗ ಕುಡಿಯುವವನು ಹೆಚ್ಚು ಕುಡಿಯುತ್ತಾನೆ. ಬೆಳಕಿನಲ್ಲಿ ಕೂತು, ಗಮನ ಕೊಟ್ಟು, ಮಾತಾಡುತ್ತ ರುಚಿ ನೋಡುವವನಿಗೆ ಸ್ವಲ್ಪವೇ ಸಾಕಾಗುತ್ತದೆ. ಆ ನಡಿಗೆಯಲ್ಲಿ ನಾನು ಕಂಡ ದೊಡ್ಡ ಸತ್ಯ ಇದು.

ನಡಿಗೆ ಶುರುವಾಗುವುದು ವಿಠಲ್ ಮಲ್ಯ ರಸ್ತೆಯಲ್ಲಿ, ಯುಬಿ ಸಿಟಿಯ ಗೋಪುರಗಳ ಎದುರು. ಇವತ್ತು ದುಬಾರಿ ಅಂಗಡಿಗಳಿರುವ ಆ ಜಾಗದಲ್ಲಿ ಹಿಂದೆ ಬಿಯರು ಬೇಯುತ್ತಿತ್ತು. 1809ರಲ್ಲಿ ಇಲ್ಲಿ ಕಂಟೋನ್ಮೆಂಟ್ ಬಂದಿತು, ಗೋರಾ ಸಿಪಾಯಿಗಳು ಬಂದರು, ಅವರ ಬಾಯಾರಿಕೆಯೂ ಬಂದಿತು. ಇಂಗ್ಲೆಂಡಿನಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಬರುವ ಬಿಯರು ಕೆಡಬಾರದೆಂದು ಅದಕ್ಕೆ ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕುತ್ತಿದ್ದರು. ಆ ಕಹಿ ಬಿಯರೇ ಇಂಡಿಯಾ ಪೇಲ್ ಏಲ್ ಎಂಬ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿತು. ನಮ್ಮ ದೇಶದ ಹೆಸರು ಹೊತ್ತ ಅದನ್ನು ಇಲ್ಲಿ ಕುಡಿಯುತ್ತಿದ್ದವರು ಹೆಚ್ಚಾಗಿ ಅಧಿಕಾರಿಗಳು. ಸಾಮಾನ್ಯ ಸಿಪಾಯಿಯ ಪಾಲಿಗೆ ಬರುತ್ತಿದ್ದುದು ಕಪ್ಪು ಪೋರ್ಟರ್. ಕ್ರಮೇಣ ಇಲ್ಲೇ ತಯಾರಿಸುವುದು ಲಾಭ ಎಂದಾಯಿತು. ದಕ್ಷಿಣದ ಕೆಲವು ಸಣ್ಣ ಬ್ರೂವರಿಗಳನ್ನು ಕೂಡಿಸಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ಅದರ ಆಡಳಿತ ಮಂಡಳಿಗೆ ಸೇರಿದ ಮೊದಲ ಭಾರತೀಯ ವಿಠಲ್ ಮಲ್ಯ. ಬಂಟ್ವಾಳ ಮೂಲದ ಕುಟುಂಬದ ಅವರು ಮುಂದೆ ಅದನ್ನು ದೇಶದ ಅತಿ ದೊಡ್ಡ ಬಿಯರ್ ಕಂಪನಿಯ ದಾರಿಗೆ ತಂದರು. ನಾವು ನಿಂತ ರಸ್ತೆಗೆ ಅವರದೇ ಹೆಸರು.

ನಮ್ಮ ಜೊತೆ ನಿವೃತ್ತರಾದ ಹಿರಿಯರೊಬ್ಬರಿದ್ದರು. ಚರ್ಚ್ ಸ್ಟ್ರೀಟಿಗೆ ಬಂದದ್ದೇ ಅವರ ಹೆಜ್ಜೆ ಚುರುಕಾಯಿತು. ಎಂಬತ್ತರ ದಶಕದ ಕೊನೆಯಲ್ಲಿ ಈ ರಸ್ತೆಗಳಲ್ಲಿ ಪಬ್‌ಗಳು ಒಂದರ ಹಿಂದೆ ಒಂದು ಬಾಗಿಲು ತೆರೆದ ಕಾಲವನ್ನು ಅವರು ಕಣ್ಣಿಗೆ ಕಟ್ಟುವಂತೆ ಹೇಳಿದರು. ಬಾಹ್ಯಾಕಾಶ ನೌಕೆಯ ಒಳಗಿನಂತೆ ಸಿಂಗರಿಸಿದ್ದ ನಾಸಾ, ರಾಕ್ ಸಂಗೀತದ ಪೆಕೋಸ್, ಮಗ್‌ನಲ್ಲಿ ನೊರೆ ಉಕ್ಕುವ ಡ್ರಾಟ್ ಬಿಯರು, ಬಟ್ಟಲು ತುಂಬ ಪಾಪ್‌ಕಾರ್ನು. “ನಮಗೆ ಅಲ್ಲಿ ಬಿಯರಿಗಿಂತ ಮುಖ್ಯವಾಗಿದ್ದದ್ದು ಭಯ ಇಲ್ಲದೆ ಕೂರೋದು ಕಣ್ರೀ. ಹೆಣ್ಣುಮಕ್ಕಳೂ ಬಂದು ಕೂತು ನಗುತ್ತಿದ್ದರು” ಎಂದರು. ಪಬ್ ಸಿಟಿ ಎಂಬ ಹೆಸರು ಬೆಂಗಳೂರಿಗೆ ಬಂದದ್ದು ಆ ದಿನಗಳಲ್ಲಿ. ಮುಂದೆ ಐ.ಟಿ. ಬಂದು ಆ ಹೆಸರನ್ನು ಹಿಂದಕ್ಕೆ ಸರಿಸಿತು.

ಪಬ್‌ನಲ್ಲೇ ತಯಾರಾಗುವ ಬಿಯರು ಬಂದದ್ದು ಇನ್ನೂ ಇಪ್ಪತ್ತು ವರ್ಷದ ನಂತರ. 2010ರ ಆಸುಪಾಸಿನಲ್ಲಿ ಕೂತಲ್ಲೇ ಕುದಿಸಿ, ಹುದುಗಿಸಿ, ಅಲ್ಲೇ ಬಡಿಸುವ ಮೈಕ್ರೊಬ್ರೂವರಿಗಳಿಗೆ ಪರವಾನಗಿ ಸಿಕ್ಕಿತು. ಇಂದಿರಾನಗರದ ಟಾಯ್ಟ್, ಲ್ಯಾವೆಲ್ಲೆ ರಸ್ತೆಯ ಬಿಯೆರ್ ಕ್ಲಬ್, ಮ್ಯಾಗ್ರತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಎಲ್ಲವೂ ಒಂದೆರಡು ವರ್ಷದ ಅಂತರದಲ್ಲಿ ಬಂದವು. ಗಾಜಿನ ಗೋಡೆಯ ಆಚೆಗೆ ಹೊಳೆಯುವ ದೊಡ್ಡ ದೊಡ್ಡ ಸ್ಟೀಲ್ ಹಂಡೆಗಳು. ಅಲ್ಲಿ ನಮ್ಮ ಹುಡುಗ ಎಲ್ಲರ ಅಂಗೈಗೂ ಒಂದಿಷ್ಟು ಬಾರ್ಲಿ ಮಾಲ್ಟ್ ಹಾಕಿ, “ಅಗಿದು ನೋಡಿ” ಎಂದ. ಕುರುಕುರು, ಸಣ್ಣ ಸಿಹಿ, ಹುರಿದ ಪರಿಮಳ.

ತುಮಕೂರು ಕಡೆಯ ಒಬ್ಬ ಗೃಹಿಣಿ ಮಗಳ ಜೊತೆ ಬಂದಿದ್ದರು. ಅವರು ಕಾಳನ್ನು ಮೂಸಿ, “ಇದು ನಮ್ಮ ಪಾಪುಗೆ ಮಾಡೋ ರಾಗಿ ಸರಿ ವಾಸನೆ ಅಲ್ವೇನಪ್ಪಾ!” ಎಂದುಬಿಟ್ಟರು.

“ಹೌದು ಆಂಟಿ. ನೆನೆಸೋದು, ಮೊಳಕೆ ಬರಿಸೋದು, ಒಣಗಿಸೋದು, ಎಲ್ಲಾ ಅದೇ ಕೆಲಸ.”

ಅಷ್ಟು ಸರಳವಾದ ಮಾತಿನಲ್ಲಿ ಬ್ರೂವರಿಯ ಅರ್ಧ ವಿದ್ಯೆ ಇದೆ. ಕಾಳು ಮೊಳಕೆಯೊಡೆಯುವಾಗ ಒಳಗಿನ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಎಚ್ಚರಾಗುತ್ತವೆ. ಮೊಳಕೆ ರಾಗಿಯ ಸರಿ ತೆಳ್ಳಗೆ, ಸಿಹಿಯಾಗಿ, ಕೂಸಿನ ಹೊಟ್ಟೆಗೆ ಹಗುರಾಗಿ ಒಗ್ಗುವುದು ಇದರಿಂದಲೇ. ಬ್ರೂವರಿಯಲ್ಲಿ ಮಾಲ್ಟನ್ನು ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ನೆನೆಹಾಕಿ ಆ ಸಿಹಿಯನ್ನು ನೀರಿಗೆ ಇಳಿಸುತ್ತಾರೆ. ಆ ಸಿಹಿನೀರನ್ನು ಹಾಪ್ಸ್ ಜೊತೆ ಕುದಿಸಿ, ಆರಿಸಿ, ಯೀಸ್ಟಿಗೆ ಒಪ್ಪಿಸುತ್ತಾರೆ. ಮುಂದಿನದೆಲ್ಲ ಯೀಸ್ಟಿನ ಕೈಚಳಕ. ಗೋಧಿ ಬಿಯರಿನಲ್ಲಿ ಪಚ್ಚಬಾಳೆ, ಲವಂಗದ ಘಮ ಬರುತ್ತದಲ್ಲ, ಅದರಲ್ಲಿ ಬಾಳೆಯೂ ಇಲ್ಲ, ಲವಂಗವೂ ಇಲ್ಲ. ಯೀಸ್ಟು ಸಕ್ಕರೆ ತಿನ್ನುತ್ತ ತಾನೇ ಅದನ್ನು ಹುಟ್ಟಿಸುತ್ತದೆ. ಸಾರ ಬಿಟ್ಟ ಕಾಳು ಕಸವಾಗುವುದಿಲ್ಲ, ಹಸುಗಳ ಮೇವಾಗುತ್ತದೆ.

ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು, ಕೇಳಿಯೇಬಿಟ್ಟೆ. ಬಾರ್ಲಿ ಬರುವುದು ರಾಜಸ್ಥಾನ, ಹರಿಯಾಣಗಳ ಕಡೆಯಿಂದ. ಹಾಪ್ಸು ಹೆಚ್ಚಾಗಿ ಜರ್ಮನಿ, ಅಮೆರಿಕಗಳಿಂದ. ಹಾಗಾದರೆ ಇದರಲ್ಲಿ ನಮ್ಮ ಊರಿನದು ಯಾವುದು? ಹುಡುಗ ತಡವರಿಸಲಿಲ್ಲ. “ಮಾಡೋ ಕೈ ಇಲ್ಲಿಯದು ಸಾರ್. ಜೊತೆಗೆ ಮಾವು, ಕಾಫಿ, ಬೆಲ್ಲ. ಈಗ ರಾಗಿಯೂ ಬಂದಿದೆ” ಎಂದು ಕೊನೆಯ ಗ್ಲಾಸನ್ನು ಮುಂದೆ ಸರಿಸಿದ. ಅದು ರಾಗಿ ಬೆರೆಸಿದ ಬಿಯರು. ನಾಲಿಗೆಯ ತುದಿಗೆ ಮಣ್ಣಿನ ಒಂದು ಗಮಲು, ಹಿಂದಿನಿಂದ ಹುರಿಹಿಟ್ಟಿನ ನೆನಪು. ಬರೀ ರಾಗಿಯಲ್ಲೇ ಮಾಡುವುದು ಕಷ್ಟವಂತೆ. ಬಾರ್ಲಿಯ ಹೊಟ್ಟು ಹಂಡೆಯ ತಳದಲ್ಲಿ ಕೂತು ಜರಡಿಯ ಹಾಗೆ ಸಿಹಿನೀರನ್ನು ಸೋಸಿಕೊಡುತ್ತದೆ. ರಾಗಿಗೆ ಅಂಥ ಹೊಟ್ಟಿಲ್ಲ, ಅದು ಗಂಜಿಯಾಗಿ ಕಟ್ಟಿಕೊಳ್ಳುತ್ತದೆ.

ಆದರೆ ರಾಗಿಯಿಂದ ಮಾಡುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಸಿಕ್ಕಿಂ ಕಡೆಯ ತೋಂಗ್ಬಾ ಹುದುಗಿಸಿದ ರಾಗಿಯದೇ. ಬಿದಿರಿನ ಚೊಂಬಿನಲ್ಲಿ ಕಾಳು ತುಂಬಿ, ಮೇಲೆ ಬಿಸಿನೀರು ಹೊಯ್ದು, ತುದಿ ಮುಚ್ಚಿ ಪಕ್ಕದಲ್ಲಿ ತೂತು ಮಾಡಿದ ಸಣ್ಣ ಬಿದಿರ ಕೊಳವೆಯಿಂದ ಹೀರುತ್ತಾರೆ. ಸೋಸುವ ತೊಂದರೆಯನ್ನು ಆ ಕೊಳವೆಯೇ ಬಗೆಹರಿಸಿದೆ.

ಕುಡಿತದ ವಿಷಯದಲ್ಲಿ ಹಳಬರು ನಮಗಿಂತ ನೇರ ಮಾತಿನವರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ ಎಂಬ ಅಧಿಕಾರಿಗೇ ಒಂದು ಅಧ್ಯಾಯವಿದೆ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಬಗೆಗಳನ್ನು ಹೇಳಿ, ಒಂದೊಂದಕ್ಕೆ ಏನೇನು ಎಷ್ಟೆಷ್ಟು ಎಂದು ಅಳತೆ ಕೊಟ್ಟಿದೆ. ಪಾನಗೃಹದಲ್ಲಿ ಬೇರೆ ಬೇರೆ ಕೋಣೆ, ಮಂಚ, ಆಸನ, ಹೂವು, ಗಂಧ, ನೀರು ಇರಬೇಕೆಂದಿದೆ. ಹಬ್ಬ, ಜಾತ್ರೆಗಳಿಗೆ ನಾಲ್ಕು ದಿನ ಸುರೆ ಮಾಡಿಕೊಳ್ಳಲು ಅನುಮತಿಯೂ ಇದೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಮಾನಸೋಲ್ಲಾಸ ಬರೆದಾಗ, ಒಗಟು, ಚದುರಂಗಗಳ ಜೊತೆಗೆ ಮದಿರಾಪಾನವನ್ನೂ ಒಂದು ಕ್ರೀಡೆಯೆಂದೇ ಸೇರಿಸಿದ. ಇದ್ದದ್ದನ್ನು ಇದೆಯೆಂದು ಒಪ್ಪಿ, ಅಳತೆ ಹಾಕಿ, ರೀತಿ ಕಲಿಸುವುದು ಅವರ ಕ್ರಮ. ಬಾಗಿಲಿಗೆ ಪರದೆ ಹಾಕಿ ಕಾಣಲೇ ಇಲ್ಲ ಎನ್ನುವುದಕ್ಕಿಂತ ಅದು ಹೆಚ್ಚು ಜವಾಬ್ದಾರಿಯ ದಾರಿ.

ಸಂಜೆ ಇಳಿಯುವ ಹೊತ್ತಿಗೆ ವಿಸ್ಕಿಯ ಸರದಿ. ಮೇಜಿನ ಮೇಲೆ ಅಮೃತ್. 1948ರಲ್ಲಿ ರಾಧಾಕೃಷ್ಣ ಜಗದಾಳೆ ಇದೇ ಊರಿನಲ್ಲಿ ಶುರುಮಾಡಿದ ಕಂಪನಿ ಅದು. ನಮ್ಮ ದೇಶದ ಅಗ್ಗದ ವಿಸ್ಕಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟು. ಕಾಳಿನಿಂದ ಮಾಡದ್ದಕ್ಕೆ ಯುರೋಪು ವಿಸ್ಕಿ ಎಂಬ ಹೆಸರನ್ನೇ ಕೊಡುವುದಿಲ್ಲ. ಅಂಥ ದೇಶದಿಂದ ಹೊರಟು, ಬರೀ ಬಾರ್ಲಿ ಮಾಲ್ಟಿನಿಂದ ಮಾಡಿದ ವಿಸ್ಕಿಯನ್ನು 2004ರಲ್ಲಿ ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದರು. ಆ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ನಮ್ಮ ಬಾರ್ಲಿಯ ಜೊತೆ ಅಲ್ಲಿಯ ಪೀಟ್ ಮಣ್ಣಿನ ಹೊಗೆ ಹಿಡಿದ ಬಾರ್ಲಿಯನ್ನು ಕೂಡಿಸಿದ ಫ್ಯೂಷನ್‌ಗೆ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತನ್ನ 2010ರ ವಿಸ್ಕಿ ಬೈಬಲ್‌ನಲ್ಲಿ 97 ಅಂಕ ಕೊಟ್ಟು, ಜಗತ್ತಿನ ಮೂರನೆಯ ಸ್ಥಾನದಲ್ಲಿಟ್ಟ.

ನಮ್ಮ ಬಿಸಿಲಿಗೆ ಇದರಲ್ಲಿ ದೊಡ್ಡ ಪಾಲಿದೆ. ಪೀಪಾಯಿಯಲ್ಲಿಟ್ಟ ವಿಸ್ಕಿ ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ, ಇಲ್ಲಿ ಶೇ. 10-12ರಷ್ಟು ಹೋಗುತ್ತದೆ. ನಷ್ಟ ನಿಜ. ಆದರೆ ಅದೇ ಬಿಸಿಗೆ ವಿಸ್ಕಿ ಮರದ ಸಾರವನ್ನು ಬೇಗ ಎಳೆದುಕೊಳ್ಳುತ್ತದೆ. ಅಲ್ಲಿ ಹತ್ತಾರು ವರ್ಷ ಕಾಯಬೇಕಾದ ಹದ ಇಲ್ಲಿ ನಾಲ್ಕೈದು ವರ್ಷಕ್ಕೆ ಬರುತ್ತದೆ. ಬಾಯಿಗೆ ಬಿಟ್ಟುಕೊಂಡರೆ ಜೇನು, ಒಣದ್ರಾಕ್ಷಿ, ಕೊನೆಗೆ ಸೌದೆ ಒಲೆಯ ಹೊಗೆ. ಆ ಗುಟುಕಿನಲ್ಲಿದ್ದದ್ದು ಬೆಂಗಳೂರಿನ ಹವೆ.

ಇಷ್ಟೆಲ್ಲ ಸಂತೋಷದ ನಡುವೆ ಒಂದು ಮಾತು ಹೇಳದೆ ಇರಲಾರೆ. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಹಿಂದೆ ಹಾಳಾದ ಸಂಸಾರಗಳಿದ್ದವು, ಬೀದಿಗಿಳಿದ ಹೆಣ್ಣುಮಕ್ಕಳ ನ್ಯಾಯವಾದ ಸಿಟ್ಟಿತ್ತು. ಆ ಸಿಟ್ಟಿಗೆ ನನ್ನ ಗೌರವವಿದೆ. ಆದರೆ ಸಾರಾಯಿಯ ಜಾಗಕ್ಕೆ ಇವತ್ತು ಬಂದಿರುವುದು ಟೆಟ್ರಾ ಪ್ಯಾಕಿನ ಅಗ್ಗದ ವಿಸ್ಕಿ. ಬಯಲುಸೀಮೆಯ ಈಚಲು ಮರದ ಹೆಂಡವೂ ಮರೆಯಾಗಿದೆ. ಕರಾವಳಿಯಲ್ಲಿ ಮಾತ್ರ ಮೂರ್ತೆದಾರರ ಸಹಕಾರಿ ಸಂಘಗಳು ಇನ್ನೂ ಶೇಂದಿ ಇಳಿಸಿ ಗಡಂಗುಗಳಲ್ಲಿ ಮಾರುತ್ತವೆ. ಬೆಳಿಗ್ಗೆ ಎಳೆಸಿಹಿ, ಸಂಜೆಗೆ ಹುಳಿ. ಮರದಿಂದ ಇಳಿದ ಗಳಿಗೆಯಿಂದಲೇ ಅದರಲ್ಲಿ ಯೀಸ್ಟಿನ ಕೆಲಸ ಶುರು. ಮಂಗಳೂರಿನ ಕ್ರೈಸ್ತರ ಮನೆಯ ಇಡ್ಲಿಯಂಥ ಸನ್ನಾ ಹೂವಿನಂತೆ ಉಬ್ಬುವುದು ಇದೇ ಶೇಂದಿಯಿಂದ. ದಿನಕ್ಕೆರಡು ಸಲ ಮರ ಹತ್ತಿ, ಹೊಂಬಾಳೆಯನ್ನು ಹದವರಿತು ಕೆತ್ತುವವನ ವಿದ್ಯೆ ಯಾವ ಬ್ರೂಮಾಸ್ಟರಿನ ವಿದ್ಯೆಗೂ ಕಡಿಮೆಯದಲ್ಲ.

ಇಂಥ ವಿದ್ಯೆಗೆ ಮರ್ಯಾದೆ ಕೊಡುವುದನ್ನು ನೆರೆಯ ಗೋವಾದವರು ಮಾಡಿ ತೋರಿಸಿದ್ದಾರೆ. ಗೇರುಹಣ್ಣು ತುಳಿದು, ಭಟ್ಟಿ ಇಳಿಸುವ ಹಳ್ಳಿಯವರ ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತು ಕೊಡಿಸಿದರು. 2016ರಲ್ಲಿ ಅದನ್ನು ರಾಜ್ಯದ ಪರಂಪರೆಯ ಪೇಯವೆಂದು ಸಾರಿದರು. ಈಗ ಪಣಜಿಯ ಹಳೆಯ ಬೀದಿಗಳಲ್ಲಿ ನಡೆಯುವ ಪ್ರವಾಸಿಗೆ ಫೆನ್ನಿಯ ರುಚಿ ತೋರಿಸದೆ ಕಳಿಸುವುದಿಲ್ಲ. ನಾಚಿಕೆಯ ವಸ್ತುವಾಗಿದ್ದದ್ದು ಹೆಮ್ಮೆಯದಾಯಿತು, ಮಾಡುವವನಿಗೆ ಹೆಸರು ಬಂತು, ಗುಣದ ಮೇಲೆ ಕಣ್ಣೂ ಬಂತು.

ನಮ್ಮಲ್ಲೂ ಇದು ಆಗಬೇಕು. ಆ ಉದ್ದನೆಯ ಹಲಗೆಯ ಮೇಲೆ ಬೆಂಗಳೂರಿನ ಗೋಧಿ ಬಿಯರಿನ ಪಕ್ಕದಲ್ಲೇ ಉಡುಪಿಯ ಶೇಂದಿಯೂ ಕೂರಲಿ. ರಾಗಿ ಬಿಯರು ಬಡಿಸುವಾಗ ರಾಗಿ ಯಾವ ಹಳ್ಳಿಯ ಹೊಲದ್ದೆಂದು ಹೇಳಲಿ, ಬೆಳೆದವನಿಗೆ ಒಳ್ಳೆಯ ಬೆಲೆ ಸಿಗಲಿ. ಶೇಂದಿ ಇಳಿಸುವವರನ್ನೇ ಕರೆದು ಕೂರಿಸಿ, ಅವರ ಬಾಯಿಂದ ಆ ಕಸುಬಿನ ವಿವರ ಕೇಳಲಿ, ಬ್ರೂಮಾಸ್ಟರಿಗೆ ಕೊಡುವ ಮರ್ಯಾದೆಯನ್ನು ಅವರಿಗೂ ಕೊಡಲಿ. ಕುಡಿಯುವವರಿಗೆ ತಾವು ಕುಡಿದದ್ದು ಏನೆಂದು ತಿಳಿಯಲಿ, ತಿಳಿದು ಅಳತೆಯಲ್ಲಿ ನಿಲ್ಲಲಿ. ಅಂಥ ನಡಿಗೆಯೊಂದು ಶುರುವಾದ ದಿನ ಮೊದಲ ಸಾಲಿನಲ್ಲಿ ಹೆಸರು ಬರೆಸುವವನು ನಾನು. ಆ ತುಮಕೂರಿನ ತಾಯಿಯನ್ನೂ ಕರೆಯುತ್ತೇನೆ, ರಾಗಿಯ ಹದ ಹೇಳಲು ಅವರಿಗಿಂತ ಬಲ್ಲವರು ಬೇಕಿಲ್ಲ.